ಆಚೆ ಕೋಣೆ

ವಿಮಲನಾಥರು ರೈಲ್ವೆಯಿಂದ ನಿವೃತ್ತರಾಗಿ ಮನೆಗೆ ಬಂದಾಗ ಅವರ ಬಟ್ಟೆಬರೆ ಒಂದು ಪೆಟ್ಟಿಗೆಯಲ್ಲಿ ಬಂತು, ರೈಲುಗಳು ಹದಿನೇಳು ಪೆಟ್ಟಿಗೆಗಳಲ್ಲಿ ಬಂದವು. ಜೀಪಿನಿಂದ ಅವನ್ನೆಲ್ಲ ಇಳಿಸಿ ಪಡಸಾಲೆಗೆ ಹೊತ್ತವಳು ಹೆಂಡತಿ ಜಿನಮತಿ. ಗಂಡ ಹಿಂದೆ ನಿಂತು "ಮೆಲ್ಲಗೆ, ಮೆಲ್ಲಗೆ, ಪೆಟ್ಟಾದೀತು" ಎಂದು ಕೂಗುತ್ತಲೇ ಇದ್ದರು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ತನ್ನ ವಿಷಯಕ್ಕೆ ಅವರು ಒಮ್ಮೆಯಾದರೂ ಹಾಗೆ ಕೂಗಿದ್ದು ಅವಳಿಗೆ ನೆನಪಿರಲಿಲ್ಲ.

ಪನಮರಂ ಪೇಟೆಯಿಂದ ಎರಡು ಮೈಲಿ ದೂರದ ಆ ಮನೆಯಲ್ಲಿ ಯಜಮಾನರು ನೆಟ್ಟಗೆ ಇದ್ದದ್ದೇ ಇಲ್ಲ. ಷೊರ್ಣೂರು ಕಡೆ ಸಿಗ್ನಲ್ ವಿಭಾಗದಲ್ಲಿ ಕೆಲಸ, ತಿಂಗಳಿಗೆ ಎರಡು ದಿನ ಮನೆ. ಇಲ್ಲಿಯ ಗದ್ದೆ, ಕಾಪಿ, ಮೆಣಸು, ಆಳುಕಾಳು, ಅತ್ತೆ, ಮಗ ಎಲ್ಲವೂ ಜಿನಮತಿಯ ತಲೆಯ ಮೇಲೆ. ವಯನಾಡಿಗೆ ಇವತ್ತಿಗೂ ರೈಲು ಬಂದಿಲ್ಲ, ನೋಡಬೇಕೆಂದರೆ ಚುರದ ಘಟ್ಟದಾರಿ ಇಳಿದು ಕೋಳಿಕ್ಕೋಡಿಗೇ ಹೋಗಬೇಕು. ಸರ್ಕಾರ ತರದಿದ್ದರೆ ಬೇಡ, ತಾವೇ ಒಂದು ರೈಲನ್ನು ಘಟ್ಟ ಹತ್ತಿಸುವುದೆಂದು ವಿಮಲನಾಥರು ಬಹಳ ಹಿಂದೆಯೇ ನಿಶ್ಚಯಿಸಿದ್ದರು. ಗೇಣುದ್ದದ ಎಂಜಿನ್ನುಗಳು, ಬೋಗಿಗಳು, ಕಡ್ಡಿಯಂಥ ಸಿಗ್ನಲ್ ಕಂಬಗಳನ್ನು ವರ್ಷಗಟ್ಟಲೆ ಕೂಡಿಟ್ಟಿದ್ದರು. ಹನ್ನೆರಡಡಿ ಉದ್ದ, ಎಂಟಡಿ ಅಗಲದ ಹಲಗೆಯ ಮೇಲೆ ತಾವು ದುಡಿದ ಜಂಕ್ಷನ್ನನ್ನು ಕಟ್ಟಬೇಕು. ಅದಕ್ಕೊಂದು ಕೋಣೆ ಬೇಕು. ಇಷ್ಟೇ.

ಕೋಣೆ ಹೇಗಿರಬೇಕೆಂದು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೇ ಬಂದಿದ್ದರು. ಒಣಗಿರಬೇಕು, ಇಲ್ಲದಿದ್ದರೆ ಹಳಿಗೆ ತುಕ್ಕು, ಹಲಗೆಗೆ ಉಬ್ಬು. ನೇರ ಬಿಸಿಲು ಬೀಳಬಾರದು, ಬಣ್ಣ ಹೋಗುತ್ತದೆ. ನೆಲ ಮಟ್ಟವಾಗಿರಬೇಕು, ಜನ ಹಾದುಹೋಗುವ ದಾರಿಯಾಗಿರಬಾರದು, ಅಡುಗೆಯ ಹೊಗೆ ತಾಗಬಾರದು. ಎಲ್ಲಕ್ಕಿಂತ ಮುಖ್ಯ, ಒಮ್ಮೆ ಹಲಗೆ ಬಡಿದ ಮೇಲೆ ಯಾರೂ ಬಂದು ತೆಗೆಯಿರಿ ಎನ್ನಬಾರದು. ಗಾಳಿಯ ತೇವ ಅಳೆಯುವ ಒಂದು ಪುಟ್ಟ ಯಂತ್ರವನ್ನು ಕೊರಳಿಗೆ ನೇತುಹಾಕಿಕೊಂಡು ಜೂನ್ ತಿಂಗಳಲ್ಲಿ ಅವರು ಸ್ವಂತ ಮನೆಯ ತಪಾಸಣೆಗೆ ಹೊರಟರು.

ಮೊದಲ ವಾರ ಅಟ್ಟ. ಹೆಂಚಿನ ಕೆಳಗೆ ಹಗಲು ಕಾದ ಕಾವಲಿ, ಸಂಜೆ ತೊಟ್ಟಿಕ್ಕುವ ನೀರು. ಅಳಿಲು ಬೇರೆ. ಎರಡನೆಯ ವಾರ ಪಡಸಾಲೆಗೆ ಟೇಪು ಹಿಡಿದಾಗ ಪಕ್ಕದ ಕೋಣೆಯ ಮಂಚದಿಂದಲೇ ಅವರ ತಾಯಿ ಮರುದೇವಮ್ಮ ಕೇಳಿದರು.

"ಬಂದವರನ್ನ ಎಲ್ಲಿ ಕೂರಿಸೋದು ಮೋನೆ? ನಿನ್ನ ರೈಲಿನ ಒಳಗಾ?"

ಎಂಬತ್ತೆರಡರ ಮುದುಕಿ. ಮೊಣಕಾಲು ಸೋತಿತ್ತು, ಕಣ್ಣು ಮಂಜಾಗಿತ್ತು, ನಾಲಿಗೆಗೆ ಮಾತ್ರ ಇನ್ನೂ ಹರೆಯ. ವಿಮಲನಾಥರು ಟೇಪು ಸುತ್ತಿಕೊಂಡರು.

ಮೂರನೆಯದು ಮಗ ಅರಿಹಂತನ ಕೋಣೆ. ಅವನು ತೋಟದ ಕಾಪಿಯನ್ನು ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತಿದ್ದ. ತಂದೆ ಬಾಗಿಲಲ್ಲಿ ನಿಂತು ನೆಲಕ್ಕೆ ಮಟ್ಟಗೋಲು ಇಡುವುದನ್ನು ನೋಡಿಯೇ ಅವನ ಹುಬ್ಬು ಗಂಟಾಯಿತು.

"ಅಪ್ಪ, ಇದು ನನ್ನ ಹೊಟ್ಟೆಪಾಡು. ನಿಮ್ಮದು ಆಟ."

"ಆಟ ಅನ್ಬೇಡ. ಮೂವತ್ತೆಂಟು ವರ್ಷ ದುಡಿದು ಬಂದಿದ್ದೀನಿ. ಈ ಮನೇಲಿ ನಂಗೆ ಹನ್ನೆರಡಡಿ ಜಾಗ ಇಲ್ವಾ?"

"ಜಾಗ ಇದೆ. ಆದ್ರೆ ಎಲ್ಲಾ ಕಡೆ ಯಾರಾದ್ರೂ ಇದ್ದಾರೆ."

ಅಂದು ತಂದೆ ಮಗ ಬೆನ್ನಿಗೆ ಬೆನ್ನು ಹಾಕಿ ಉಂಡರು. ನಡುವೆ ಬಡಿಸುತ್ತಿದ್ದ ಜಿನಮತಿ ಇಬ್ಬರಿಗೂ ಒಂದೊಂದು ರೊಟ್ಟಿ ಹೆಚ್ಚಿಗೆ ಹಾಕಿದಳು. ಅವಳ ಸಂಧಾನವೆಲ್ಲ ಅಷ್ಟೇ. ಯಾರಿಗೆ ಸಿಟ್ಟು ಬಂದರೂ ಅವರ ತಟ್ಟೆಗೆ ಒಂದು ರೊಟ್ಟಿ ಹೆಚ್ಚು.

ಭತ್ತದ ಕೋಣೆಯಲ್ಲಿ ಇಲಿ, ಮೆಣಸಿನ ಧೂಳು. ತಾಯಿಯ ಕೋಣೆಯಲ್ಲಿ ಯಂತ್ರ ಎಂಬತ್ತೆಂಟು ತೋರಿಸಿತು. "ಅವ್ವ, ಇಲ್ಲಿ ಭಾರೀ ತೇವ ಇದೆ" ಎಂದರು ವಿಮಲನಾಥರು. "ಅದನ್ನ ಹೇಳೋಕೆ ಷೊರ್ಣೂರಿಂದ ಯಂತ್ರ ಬರಬೇಕಾಯ್ತಾ? ನನ್ನ ಮೊಣಕಾಲು ಇಪ್ಪತ್ತು ವರ್ಷದಿಂದ ಹೇಳ್ತಿದೆ" ಎಂದರು ಮರುದೇವಮ್ಮ.

ಜುಲೈ ಮೊದಲ ವಾರ. ಜಿನಮತಿ ಆಳು ಚೀರುವಿನ ಜೊತೆ ಗದ್ದೆಯಲ್ಲಿ ನಾಟಿಗೆ ನಿಂತಿದ್ದಳು. ಮನೆಯ ಹಿಂದಿನಿಂದ ಗಂಡನ ಕೂಗು ಕೇಳಿಸಿತು.

"ಐವತ್ತೈದು! ಜಿನಮತೀ, ಐವತ್ತೈದು!"

ಕೆಸರುಗಾಲಲ್ಲೇ ಓಡಿ ಬಂದು ನೋಡಿದರೆ ಆಚೆ ಕೋಣೆಯ ಬಾಗಿಲು ತೆರೆದಿತ್ತು. 

ಹಿತ್ತಲ ಬಾಗಿಲು ದಾಟಿ ಎಂಟು ಹೆಜ್ಜೆ ನಡೆದರೆ ಆಚೆ ಕೋಣೆ. ಮನೆಯ ಹೆಂಗಸರು ಮುಟ್ಟಾದಾಗ ಮೂರು ದಿನ ಕೂರುವ ಜಾಗ. ನಾಲ್ಕನೆಯ ದಿನದ ಸ್ನಾನಕ್ಕೆ ಅನುಕೂಲವಾಗಲೆಂದು ಬಚ್ಚಲನ್ನು ಅದರ ಬೆನ್ನಿಗೇ ಕಟ್ಟಿದ್ದರು. ಬಚ್ಚಲ ಒಲೆ ಮುಂಜಾನೆಯಿಂದ ಸಂಜೆಯವರೆಗೆ ಉರಿಯುತ್ತಿದ್ದುದರಿಂದ ಒಂದು ಗೋಡೆ ಸದಾ ಬೆಚ್ಚಗೆ. ಮನೆಯ ಉಪ್ಪಿನ ಭರಣಿ ಕೂಡ ನೀರೊಡೆಯುವ ಮಳೆಗಾಲದಲ್ಲಿ ಆ ಕೋಣೆಯಲ್ಲಿ ಇಟ್ಟ ಬೆಂಕಿಪೊಟ್ಟಣ ಒಂದೇ ಗೀರಿಗೆ ಹತ್ತುತ್ತಿತ್ತು. ಬಡಗಣ ಕಿಟಕಿ, ಬಿಸಿಲಿಲ್ಲ. ಯಾರೂ ಹಾಯುವ ದಾರಿಯಲ್ಲ. ಬರೆದುಕೊಂಡ ಲಕ್ಷಣಗಳೆಲ್ಲ ಒಂದೇ ಕೋಣೆಯಲ್ಲಿ ಸಿಕ್ಕಿದ್ದಕ್ಕೆ ವಿಮಲನಾಥರ ಮುಖ ಅರಳಿತ್ತು.

"ಇಷ್ಟು ಒಳ್ಳೇ ಕೋಣೆ ಖಾಲಿ ಬಿದ್ದಿದೆ, ಯಾರೂ ಹೇಳಲಿಲ್ಲವಲ್ಲ!"

ಅದು ಖಾಲಿ ಬಿದ್ದದ್ದು ನಿಜ. ಹನ್ನೆರಡು ವರ್ಷದಿಂದ ಅದು ಖಾಲಿಯಿಲ್ಲವೆಂದು ಜಿನಮತಿ ಅತ್ತೆಗೆ ಸುಳ್ಳು ಹೇಳಿಕೊಂಡು ಬಂದದ್ದೂ ಅಷ್ಟೇ ನಿಜ.

ಸೊಸೆ ಸುಪ್ರಿಯಾ ಕೇಣಿಚಿರದಿಂದ ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಹೇಳಿಬಿಟ್ಟಿದ್ದಳು, "ಅಮ್ಮ, ನಾನು ಆ ಕೋಣೆಗೆ ಹೋಗಲ್ಲ." ಮರುದೇವಮ್ಮನಿಗೋ, ಹೊರಗಾದವಳು ಮಾಡಿದ್ದನ್ನು ಬಾಯಿಗಿಡುವುದಿಲ್ಲವೆಂದು ಹರೆಯದಲ್ಲೇ ಬಸದಿಯಲ್ಲಿ ಹಿಡಿದ ವ್ರತ. ಅತ್ತ ದರಿ, ಇತ್ತ ಪುಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಜಿನಮತಿ ಒಂದು ದಾರಿ ಕಂಡುಕೊಂಡಳು. ಆ ಮೂರು ದಿನ ಸುಪ್ರಿಯಾ ಅಜ್ಜಿಯ ಕಣ್ಣಿಗೆ ಬೀಳದೆ ಹಿತ್ತಲ ಬಾಗಿಲಿಂದ ಓಡಾಡುವುದು, ಅಡುಗೆ ಜಿನಮತಿ ಮಾಡುವುದು, ಕೇಳಿದರೆ "ಅವಳು ಆಚೆ ಇದ್ದಾಳೆ" ಎನ್ನುವುದು. ಮರುದೇವಮ್ಮ ಹಿತ್ತಲಿಗೆ ಬಂದು ನೋಡುವ ಕಾಲ ಮುಗಿದಿತ್ತು. ಅಲ್ಲಿಗೇ ನಿಂತಿದ್ದರೆ ಬರೀ ಸುಳ್ಳಾಗುತ್ತಿತ್ತು. ಆದರೆ ಆ ವರ್ಷದ ಮೆಣಸು ಕೊಯ್ಲಿನಲ್ಲಿ ಇಪ್ಪತ್ತು ಆಳು ತೋಟದಲ್ಲಿ ನಿಂತಾಗ ಜಿನಮತಿಗೆ ಒಲೆಯ ಮುಂದೆ ಕೂರಲಾಗಲಿಲ್ಲ. ಸುಪ್ರಿಯಾ ಗಂಜಿ ಬೇಯಿಸಿದಳು, ಜಿನಮತಿ ಒಯ್ದು ಕೊಟ್ಟಳು, ಅತ್ತೆ ಉಂಡರು. ಏನೂ ಆಗಲಿಲ್ಲ. ಮುಂದಿನ ತಿಂಗಳೂ ಏನೂ ಆಗಲಿಲ್ಲ. ಹೀಗೆ ಏನೂ ಆಗದೆ ಹನ್ನೆರಡು ವರ್ಷ ಕಳೆದವು.

ಗಂಡನಿಗೆ ಇದನ್ನು ಹೇಳೋಣವೆಂದರೆ ಅವರ ಬಾಯಿ ಪ್ಲಾಟ್‌ಫಾರಂನ ಧ್ವನಿವರ್ಧಕ. ಕಿವಿಗೆ ಬಿದ್ದದ್ದು ಊರಿಗೆಲ್ಲ ಕೇಳಲೇಬೇಕು.

"ಅಲ್ಲಿ ಹಾವು ಬರತ್ತೆ" ಎಂದಳು ಜಿನಮತಿ.

"ಸಂದು ಮುಚ್ಚಿಸ್ತೀನಿ."

"ಕರೆಂಟಿಲ್ಲ."

"ಎಳೆಸ್ತೀನಿ."

"ಅತ್ತೆ ಒಪ್ಪಲ್ಲ ರೀ. ಹೆಂಗಸರ ಕೋಣೆ ಅದು."

"ಯಾವ ಕಾಲದಲ್ಲಿದ್ದೀ ನೀನು? ಈಗ ಯಾರು ಹೋಗಿ ಕೂರ್ತಾರೆ ಅಲ್ಲಿ?" ಎಂದು ನಕ್ಕರು ವಿಮಲನಾಥರು. ಜಿನಮತಿ ಕಾಲಿನ ಕೆಸರು ತೊಳೆಯಲು ಬಚ್ಚಲಿಗೆ ನಡೆದಳು.

ಸಂಜೆ ಅಡುಗೆಮನೆಯಲ್ಲಿ ಬಾಳೆದಿಂಡು ಹೆಚ್ಚುತ್ತ ಸೊಸೆಗೆ ಹೇಳಿದಳು. ಚಾತುರ್ಮಾಸ್ಯ ಶುರುವಾಗುವುದರಲ್ಲಿತ್ತು, ಇನ್ನು ನಾಲ್ಕು ತಿಂಗಳು ಆ ಮನೆಯ ಒಲೆಗೆ ಸೊಪ್ಪು ಹತ್ತುವಂತಿಲ್ಲ. ಸುಪ್ರಿಯಾ ಪನಮರದ ಒಂದು ಶಾಲೆಯಲ್ಲಿ ಟೀಚರು, ಮಾತಿಗೆ ಮಾತು ಬಾಕಿ ಇಡುವವಳಲ್ಲ.

"ಕೊಟ್ಟುಬಿಡಿ ಅಮ್ಮ. ರೈಲು ಅಲ್ಲೇ ಇರಲಿ. ಒಮ್ಮೆ ಹಲಗೆ ಬಡಿದ್ರೆ ಪಿನ್ನೆ ಯಾರನ್ನೂ ಅಲ್ಲಿ ಕೂರಿಸೋ ಹಾಗಿಲ್ಲ."

"ಯಾರನ್ನ ಕೂರಿಸ್ತಾರೆ ಈಗ?"

"ನಿಮ್ಮ ಮೊಮ್ಮಗಳು ನಿಮಿಷಗೆ ಒಂಬತ್ತು ವರ್ಷ. ಇನ್ನೆರಡು ಮೂರು ವರ್ಷ ಹೋಗಲಿ, ಅಜ್ಜಿ ಕೇಳ್ತಾರೆ, ಕೊಚ್ಚುಮೋಳು ಎಲ್ಲಿ ಕೂತಿದ್ದಾಳೆ ಅಂತ. ಆಗ ಅವಳ ಹೆಸರಲ್ಲೂ ಸುಳ್ಳು ಹೇಳ್ತೀರಾ?"

"ಹೇಳ್ತೀನಿ."

"ನಂಗೆ ಬೇಡ ಅದು. ಹನ್ನೆರಡು ವರ್ಷ ಕಳ್ಳಿ ಹಾಗೆ ಹಿತ್ತಲಿಂದ ಓಡಾಡಿದ್ದು ಸಾಕು. ನಿಜ ಹೇಳಿಬಿಡಿ."

"ನಿಜ ಹೇಳಿದ್ರೆ ಅವರು ಊಟ ಬಿಡ್ತಾರೆ ಸುಪ್ರಿಯಾ. ಈ ವಯಸ್ಸಲ್ಲಿ ಊಟ ಬಿಟ್ರೆ ಎದ್ದಾರಾ? ಅವರ ವ್ರತ ಮುರಿದದ್ದು ನಾನು. ಆ ಗಂಜಿ ಎತ್ಕೊಂಡು ಹೋದ ಕೈ ನಂದು."

ಸುಪ್ರಿಯಾ ಸುಮ್ಮನಾದಳು. ಒಪ್ಪಿದ್ದರಿಂದ ಸುಮ್ಮನಾದದ್ದಲ್ಲ, ಒಲೆಯ ಮೇಲಿನ ಹಾಲು ಉಕ್ಕಿತ್ತು.

ಜಿನಮತಿಗೆ ಉಳಿದದ್ದು ದಿನ ದೂಡುವುದೊಂದೇ. ಮರಗೆಲಸದ ಆಶಾರಿ ಸುಕುಮಾರನ್ ಹಲಗೆಯ ಕೆಲಸಕ್ಕೆ ಬಂದಾಗ ಅವನನ್ನು ಅಂಗಳದಲ್ಲೇ ತಡೆದು, ಮೊದಲು ಕೊಟ್ಟಿಗೆಯ ತೊಲೆ ನೋಡು ಎಂದಳು. ಅದು ಮುಗಿದಾಗ ಕಾಪಿ ಕಣದ ಬಾಗಿಲು. ಅದೂ ಮುಗಿದಾಗ ಕೋಳಿಯಿಲ್ಲದ ಮನೆಯಲ್ಲಿ ಕೋಳಿಗೂಡು ಒಂದನ್ನು ಬಿಟ್ಟು ಬೇರೆಲ್ಲವನ್ನೂ ರಿಪೇರಿ ಮಾಡಿಸಿದಳು.

"ಚೇಚಿ, ಇನ್ನು ಪಣಿ ಏನಿದೆ ಹೇಳಿ, ಮಾಡ್ತೀನಿ" ಎಂದ ಸುಕುಮಾರನ್ ನಗುತ್ತ. "ಆದ್ರೆ ಸಾರ್ ದಿನಕ್ಕೆ ಮೂರು ಸಲ ಫೋನ್ ಮಾಡ್ತಾರೆ. ಆ ಕೋಣೆಯಷ್ಟು ಒಣಗಿದ ಮುರಿ ಈ ಪಂಚಾಯತಲ್ಲೇ ಇಲ್ಲ ಅಂತಾರೆ."

ಆಗಸ್ಟ್ ಮೊದಲ ಸೋಮವಾರ ಸುಪ್ರಿಯಾ ಹೊರಗಾದಳು. ಜಿನಮತಿ ಎಂದಿನಂತೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ "ಸುಪ್ರಿಯಾ ಆಚೆ ಇದ್ದಾಳೆ" ಎಂದಳು. ಮರುದೇವಮ್ಮ "ಶರಿ" ಎಂದರು. ಅದೇ ಸೋಮವಾರ ಜಿನಮತಿ ಕಳೆ ತೆಗೆಸಲು ಗದ್ದೆಗೆ ಹೋದದ್ದೇ ತಡ, ವಿಮಲನಾಥರು ಸುಕುಮಾರನ್‌ನನ್ನು ಹಿತ್ತಲಿಂದ ಕರೆಸಿಕೊಂಡರು. ಗಂಡಂದಿರಿಗೂ ಕಳ್ಳದಾರಿ ಗೊತ್ತಿರುತ್ತದೆ. ಸಂಜೆ ಅವಳು ಬರುವಷ್ಟರಲ್ಲಿ ಗೋಡೆಗೆ ಮೊಳೆ ಬಿದ್ದಿತ್ತು, ಚೌಕಟ್ಟು ಕಾಲೂರಿತ್ತು. ಅವಳು ಕೈಮುಗಿದೇ ಕೇಳಿದಳು.

"ನಾಲ್ಕು ದಿನ ಬಿಟ್ಟು ಮಾಡಿಸಿ. ಅತ್ತೆಗೆ ನಾನೇ ಮೆಲ್ಲಗೆ ಹೇಳ್ತೀನಿ. ಅಲ್ಲಿವರೆಗೆ ನೀವು ಅವರ ಹತ್ತಿರ ಈ ಮಾತು ಎತ್ತಬೇಡಿ."

"ಆಯ್ತಪ್ಪ, ಎತ್ತಲ್ಲ" ಎಂದರು ವಿಮಲನಾಥರು.

ಎರಡು ದಿನ ಎತ್ತಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಮರುದೇವಮ್ಮ ಊಟಕ್ಕೆ ಕೂತಿದ್ದರು. ಗಂಜಿ, ಹೆಸರುಕಾಳಿನ ಪಲ್ಯ. ಶಾಲೆಗೆ ರಜೆ ಹಾಕಿದ್ದ ಸುಪ್ರಿಯಾ ಮಾಡಿಟ್ಟದ್ದನ್ನು ಜಿನಮತಿ ಬಡಿಸಿ ಪಕ್ಕದಲ್ಲಿ ನಿಂತಿದ್ದಳು. ವಿಮಲನಾಥರು ಖುಷಿಯಲ್ಲಿ ಬಂದು ತಾಯಿಯ ಮಂಚದ ಮೇಲೆ ಕೂತರು. ಎರಡು ದಿನ ಬಾಯಿ ಕಟ್ಟಿಕೊಂಡ ಮನುಷ್ಯ.

"ಅವ್ವ, ರೈಲಿಗೆ ಜಾಗ ಸಿಕ್ಕಿತು. ಆಚೆ ಕೋಣೆ. ಸೋಮವಾರದಿಂದ ಪಣಿ ನಡೀತಿದೆ."

ಮರುದೇವಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಸೋಮವಾರದಿಂದ ಅಲ್ಲಿ ಸುಪ್ರಿಯಾ ಇದ್ದಾಳಲ್ಲ?"

"ಸುಪ್ರಿಯಾ? ಅವಳು ಅಡುಗೆಮನೇಲಿ ಇದ್ದಾಳೆ. ಈ ಪಲ್ಯ ಅವಳೇ ಮಾಡಿದ್ದು, ನಾನೂ ಈಗ ತಿಂದು ಬಂದೆ."

ಜಿನಮತಿ ಗಂಡನಿಗೆ ಕಣ್ಣು ಮಾಡಿದಳು. ಅವರಿಗೆ ಸಿಗ್ನಲ್ ಓದುವುದು ಬರುತ್ತಿದ್ದದ್ದು ಹಳಿಯ ಮೇಲೆ ಮಾತ್ರ. "ಎಂತ? ನಾನೇನು ಸುಳ್ಳು ಹೇಳ್ತಿದ್ದೀನಾ?" ಎಂದರು ಜೋರಾಗಿ.

ಮರುದೇವಮ್ಮ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗಿದು ತಟ್ಟೆಯ ಅಂಚಿಗಿಟ್ಟರು. ಮಂಜುಗಣ್ಣು ಸೊಸೆಯ ಕಡೆ ತಿರುಗಿತು.

"ಜಿನಮತಿ, ಇದು ಯಾರು ಮಾಡಿದ್ದು?"

ನಾನೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಹನ್ನೆರಡು ವರ್ಷ ನೀರು ಕುಡಿದಷ್ಟು ಸಲೀಸಾಗಿ ಬಂದಿದ್ದ ಮಾತು ಅಂದು ಬರಲಿಲ್ಲ. ಅತ್ತೆಯ ಅಂಗೈಯಲ್ಲಿ ನಾಲ್ಕು ಹೆಸರುಕಾಳು ಅಂಟಿಕೊಂಡಿದ್ದವು, ಅವಳು ಅವನ್ನೇ ನೋಡುತ್ತಿದ್ದಳು.

"ಎಷ್ಟು ದಿನದಿಂದ?"

"ಅವಳು ಬಂದಾಗಿನಿಂದ ಅತ್ತೆ."

ಅಂದು ಮರುದೇವಮ್ಮ ಬಯ್ಯಲಿಲ್ಲ, ಅಳಲಿಲ್ಲ. ಬಾಯಿ ಮುಕ್ಕಳಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನವೂ ಏನೂ ಮುಟ್ಟಲಿಲ್ಲ. ಮೂರನೆಯ ದಿನ ಬೆಳಗ್ಗೆ ಮಗನನ್ನು ಕರೆದು, "ನನ್ನ ಮಂಚ ಆಚೆ ಕೋಣೆಗೆ ಹಾಕು" ಎಂದರು.

"ಅವ್ವ, ಅಲ್ಲಿ ರೈಲಿನ ಹಲಗೆ..."

"ತೆಗಿ. ಗೋಡೆಯಾಚೆ ಒಲೆ ಇದೆ. ನನ್ನ ಗಂಜಿ ನಾನೇ ಬೇಯಿಸ್ಕೊಳ್ತೀನಿ. ಈ ಮನೆ ಅಡುಗೆ ಇನ್ನು ನಂಗೆ ವೇಂಡ."

ಮಡಿಯ ಮುದುಕಿ ಮೈಲಿಗೆಯ ಕೋಣೆಗೆ ಹೊರಟರು. ಸುಕುಮಾರನ್ ಬಡಿದ ಮೊಳೆಗಳನ್ನು ವಿಮಲನಾಥರೇ ಒಂದೊಂದಾಗಿ ಕಿತ್ತರು. ಯಾರೂ ತೆಗೆಯಿರಿ ಎನ್ನಬಾರದೆಂದು ಬರೆದುಕೊಂಡಿದ್ದ ಹಲಗೆ ಐದು ದಿನವೂ ನಿಲ್ಲಲಿಲ್ಲ.

ಆ ಮೇಲಿನ ವಾರಗಳು ಆ ಮನೆಯಲ್ಲಿ ಕಲ್ಲು ಹೊತ್ತಂತೆ ಕಳೆದವು. ಮರುದೇವಮ್ಮ ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ಪುಟ್ಟ ಪಾತ್ರೆಯಲ್ಲಿ ಗಂಜಿ ಇಡುತ್ತಿದ್ದರು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮೊದಲು. ಜಿನಮತಿ ಸೌದೆ ಒಟ್ಟಿ ಬರುತ್ತ, "ನಾನು ಬೇಯಿಸ್ಲಾ ಅತ್ತೆ" ಎಂದರೆ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಅಕ್ಕಿ ತಂದಿಟ್ಟರೆ ತಾವೇ ಇನ್ನೊಮ್ಮೆ ತೊಳೆಯುತ್ತಿದ್ದರು. ಒಂದು ದಿನ ಪಾತ್ರೆ ಜಾರಿ ಕೈ ಸುಟ್ಟುಕೊಂಡರು. ಮುಲಾಮು ಹಚ್ಚಲು ಮಾತ್ರ ಕೈ ನೀಡಿದರು, ಮುಖ ಕೊಡಲಿಲ್ಲ.

ಒಳಗೆ ಅರಿಹಂತ್ ಹೆಂಡತಿಯ ಮೇಲೆ ಹರಿಹಾಯ್ದ. "ತಿಂಗಳಿಗೆ ಮೂರು ದಿನ ಹೋಗಿ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಜ್ಜಿ ಕೈ ಸುಟ್ಕೊಂಡಿದ್ದಾರೆ, ನೋಡು."

"ನೀವು ಹೋಗಿ ಕೂತ್ಕೊಳ್ಳಿ. ಮೂರು ದಿನ ಯಾರ ಕಣ್ಣಿಗೂ ಬೀಳದೆ, ತಟ್ಟೆ ಹೊಸಿಲಲ್ಲಿ ಇಡಿಸ್ಕೊಂಡು. ಕೂತು ಬಂದು ಹೇಳಿ" ಎಂದಳು ಸುಪ್ರಿಯಾ. ಮಗಳನ್ನು ಕರೆದುಕೊಂಡು ಕೇಣಿಚಿರಕ್ಕೆ ಹೊರಟೇಬಿಟ್ಟಳು. ಹೋಗುವಾಗ ಜಿನಮತಿಯ ಹತ್ತಿರ ನಿಂತು, "ನಿಮ್ಮ ಮೇಲೆ ಸಿಟ್ಟಿಲ್ಲ ಅಮ್ಮ. ಆದ್ರೆ ನನ್ನ ಪರವಾಗಿ ಸುಳ್ಳು ಹೇಳಿ ಅಂತ ನಾನು ಕೇಳಿರಲಿಲ್ಲ" ಎಂದಳು. ಅದು ಜಿನಮತಿಗೆ ಬೈಗುಳಕ್ಕಿಂತ ಹೆಚ್ಚು ನೋಯಿತು. ಎಲ್ಲರಿಗೂ ಒಳ್ಳೆಯವಳಾಗಹೋಗಿ ಇಬ್ಬರಿಗೂ ಕಳ್ಳಿಯಾಗಿದ್ದಳು.

ಮನೆಯೊಳಗೆ ಮೂವರೇ ಉಳಿದರು, ಮಾತು ಒಂದೂ ಉಳಿಯಲಿಲ್ಲ. ಒಂದು ಮಧ್ಯಾಹ್ನ ವಿಮಲನಾಥರು ಅನ್ನ ಕಲಸುತ್ತ, "ನಂಗೊಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದರು.

ಜಿನಮತಿ ಸೌಟು ಕೆಳಗಿಟ್ಟಳು. ಆ ದಿನ ಯಾರ ತಟ್ಟೆಗೂ ಹೆಚ್ಚಿನ ರೊಟ್ಟಿ ಬೀಳಲಿಲ್ಲ.

"ಯಾವಾಗ ಹೇಳ್ಬೇಕಿತ್ತು? ತಿಂಗಳಿಗೆ ಎರಡು ದಿನ ಬರೋರಿಗೆ? ಒಂದು ದಿನ ನಿದ್ದೆ, ಒಂದು ದಿನ ಇಸ್ತ್ರಿ ಮಾಡಿಸ್ಕೊಂಡು ಹೊರಡೋದು. ಬಂದು ಮೂರು ತಿಂಗಳಾಯ್ತು, ಎಲ್ಲಾ ಕೋಣೆಗೂ ಯಂತ್ರ ಹಿಡಿದ್ರಿ. ಒಳಗಿರೋರನ್ನ ಯಾರನ್ನಾದ್ರೂ ಕೇಳಿದ್ರಾ? ಖಾಲಿ ಕೋಣೆಯಂತೆ! ಈ ಮನೇಲಿ ಖಾಲಿ ಕೋಣೆ ಅಂತ ಒಂದಿದ್ರೆ ನಾನು ಬಿಡ್ತಿದ್ನಾ? ನಾನೇ ಹೋಗಿ ಮಲಗ್ತಿದ್ದೆ."

ವಿಮಲನಾಥರು ತಟ್ಟೆಯಲ್ಲೇ ಕೈ ಇಟ್ಟುಕೊಂಡು ಕೂತರು. ಎದ್ದು ಕೈ ತೊಳೆದ ಮೇಲೆ ಅವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟದ್ದನ್ನು ಜಿನಮತಿ ನೋಡಿದಳು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಭಾದ್ರಪದದಲ್ಲಿ ದಶಲಕ್ಷಣದ ಹತ್ತು ದಿನ ಬಂತು. ಪ್ರತಿ ವರ್ಷ ಮನೆಯವರೆಲ್ಲ ಸೇರಿ ಬಸದಿಗೆ ಹೋಗುತ್ತಿದ್ದವರು ಈ ಸಲ ಒಬ್ಬೊಬ್ಬರಾಗಿ ಹೋಗಿ ಬಂದರು. ಮರುದೇವಮ್ಮ ಕೊನೆಯ ದಿನ ನೀರನ್ನೂ ಬಿಟ್ಟರು. ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಚಿಕ್ಕವರು ದೊಡ್ಡವರಿಗೆ, ದೊಡ್ಡವರು ಚಿಕ್ಕವರಿಗೆ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ಇಲ್ಲ. ಬೆಳಗ್ಗೆಯೇ ಅರಿಹಂತ್ ಕೇಣಿಚಿರಕ್ಕೆ ಹೋಗಿ ಹೆಂಡತಿ ಮಗಳನ್ನು ಕರೆತಂದ. ದಾರಿಯಲ್ಲಿ ಏನು ಮಾತಾಯಿತೋ, ಇಬ್ಬರ ಕಣ್ಣೂ ಕೆಂಪಗಿತ್ತು.

ಮಧ್ಯಾಹ್ನ ಇಳಿಹೊತ್ತಿಗೆ ಎಲ್ಲರೂ ಆಚೆ ಕೋಣೆಯ ಮುಂದೆ ಸೇರಿದರು. ಮರುದೇವಮ್ಮ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಮಂಚದ ಮೇಲೆ ಕೂತಿದ್ದರು. ಸೊರಗಿದ್ದರು, ಆದರೆ ಕಾಲು ನೀಡಿಕೊಂಡು ಕೂತಿದ್ದರು. ಮೊದಲು ಮಗ ಬಗ್ಗಿದರು.

"ಅವ್ವ, ತಿಳಿಯದೆ ಮಾಡಿದೆ. ಕ್ಷಮಿಸು."

"ಕ್ಷಮಿಸಿದೆ. ಆದ್ರೆ ಈ ಕೋಣೆ ಇನ್ನು ಕೊಡಲ್ಲ, ಇಲ್ಲಿ ಮೊಣಕಾಲು ಮಡಚೋಕೆ ಬರತ್ತೆ. ನನ್ನ ಹಳೇ ಕೋಣೆ ನೀನಿಟ್ಕೊ."

"ಅಲ್ಲಿ ಎಂಬತ್ತೆಂಟು ಅವ್ವ. ರೈಲು ಓಡಲ್ಲ."

"ಬೇಸಿಗೇಲಿ ಓಡಿಸು. ಮಳೆಗಾಲದಲ್ಲಿ ನಿನ್ನ ರೈಲು ಎಂದು ಹೊತ್ತಿಗೆ ಸರಿಯಾಗಿ ಬಂದಿತ್ತು?"

ನಿಮಿಷ ಒಬ್ಬಳು ನಕ್ಕಳು. ಬೇರೆ ಯಾರೂ ನಗುವ ಧೈರ್ಯ ಮಾಡಲಿಲ್ಲ. ಸುಪ್ರಿಯಾ ಮುಂದೆ ಬಂದಳು.

"ಅಜ್ಜಿ, ನಿಮಗೆ ನೋವಾಯ್ತು. ಅದಕ್ಕೆ ಕ್ಷಮಿಸಿ. ಆದ್ರೆ ನಾನು ಆ ಮೂರು ದಿನ ಎಲ್ಲೂ ಹೋಗಿ ಕೂರಲ್ಲ. ನಿಮಿಷನ್ನೂ ಕೂರಿಸಲ್ಲ. ಇದನ್ನ ಮುಚ್ಚಿಟ್ಟು ಕ್ಷಮೆ ಕೇಳೋಕೆ ನಂಗಾಗಲ್ಲ."

 ಮರುದೇವಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಕೂರಬೇಡ" ಎಂದರು. "ನನ್ನ ಮುಂದೆ ಇಷ್ಟು ನೆಟ್ಟಗೆ ಈ ಮನೇಲಿ ಯಾರೂ ಹೇಳಿರಲಿಲ್ಲ. ಆ ದಿನ ಬಂದಾಗ ನಂಗೊಂದು ಮಾತು ಹೇಳು, ಸಾಕು. ಅವತ್ತು ಬೇರೆ ಕೈಯಿಂದ ಉಣ್ತೀನಿ. ಬೇರೆ ಕೈ ಇಲ್ಲದಿದ್ರೆ ಉಪವಾಸ ಇರ್ತೀನಿ, ಅದು ನನ್ನ ಪಾಡು. ಹೇಳದೆ ಉಣಿಸಬೇಡಿ."

ಇಷ್ಟೇ ಇತ್ತೇ ಎಂದುಕೊಂಡಳು ಜಿನಮತಿ. ಹನ್ನೆರಡು ವರ್ಷದ ಕಳ್ಳದಾರಿಗೆ ಇಷ್ಟು ಚಿಕ್ಕ ಬಾಗಿಲಿತ್ತೇ? ಹನ್ನೆರಡು ವರ್ಷದ ಹಿಂದೆ ಕೇಳಿದ್ದರೆ ಅತ್ತೆ ಹೀಗೆ ಹೇಳುತ್ತಿದ್ದರೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ. ಅವಳು ಬಗ್ಗಿ ಅತ್ತೆಯ ಪಾದ ಮುಟ್ಟಿದಳು. ತಿಳಿದೋ ತಿಳಿಯದೆಯೋ ಎಂಬ ಮಾತು ಬಾಯಿಗೆ ಬಂತು. ಅದನ್ನು ನುಂಗಿದಳು.

"ತಿಳಿದೇ ಮಾಡಿದೆ ಅತ್ತೆ. ಸುಳ್ಳು ಹೇಳಿ ನಿಮ್ಮ ವ್ರತ ಮುರಿಸಿದೆ."

"ಪ್ರತಿ ವರ್ಷ ಈ ದಿನ ನನ್ನ ಕಾಲು ಮುಟ್ಟಿ ಕೇಳ್ತಿದ್ದೆಯಲ್ಲ, ಇದಕ್ಕೇನಾ?"

"ಇದಕ್ಕೇ. ಹೆಸರು ಹೇಳದೆ ಕೇಳ್ತಿದ್ದೆ."

"ನಾನೂ ಹೆಸರು ಕೇಳದೆ ಕೊಟ್ಟೆ. ಹನ್ನೆರಡು ಸಲ. ಕೊಟ್ಟದ್ದನ್ನ ಈಗ ವಾಪಸ್ ತಗೊಳ್ಳೋಕೆ ಬರತ್ತಾ?" ಮರುದೇವಮ್ಮ ಸುಟ್ಟ ಕೈಯಿಂದಲೇ ಅವಳ ತಲೆ ಸವರಿದರು. "ಕೂತ್ಕೊ. ಈಗ ನನ್ನ ಸರದಿ. ನಾನು ಹೆಸರಿಟ್ಟೇ ಕೇಳ್ತೀನಿ."

ಜಿನಮತಿ ನೆಲದ ಮೇಲೆ ಕೂತಳು.

"ನಿನ್ನಪ್ಪ ಹೋದ ಸುದ್ದಿ ಬಂದಾಗ ನೀನು ಈ ಕೋಣೇಲಿದ್ದೆ. ಎರಡನೇ ದಿನ. ಸ್ನಾನ ಆಗೋವರೆಗೆ ಹೇಳ್ಬೇಡಿ ಅಂತ ನಾನೇ ಎಲ್ಲರ ಬಾಯಿ ಮುಚ್ಚಿಸಿದೆ. ನೀನು ಹೋಗೋ ಹೊತ್ತಿಗೆ ಎಲ್ಲ ಮುಗಿದಿತ್ತು. ಕೋಪ ಮಾಡ್ಕೋತಿಯೇನೋ ಅಂತ ಕಾದೆ, ನೀನು ಮಾಡ್ಕೊಳ್ಳಲಿಲ್ಲ. ಈ ಗೋಡೆ ನೋಡ್ತಾ ಮಲಗಿದಾಗ ದಿನಾ ಅದೇ ನೆನಪಾಗತ್ತೆ." ಮುದುಕಿ ಎರಡೂ ಕೈ ಜೋಡಿಸಿದರು. "ಅದಕ್ಕೆ ಕ್ಷಮಿಸು ಮೋಳೆ."

ವಿಮಲನಾಥರು ಹೆಂಡತಿಯ ಮುಖ ನೋಡಿದರು. ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಆಗ ಅವರು ಷೊರ್ಣೂರಿನಲ್ಲಿದ್ದರು.

ಕ್ಷಮಿಸಿದೆ ಅತ್ತೆ, ಅದೆಲ್ಲ ಹಳೆಯ ಮಾತು, ಬಿಡಿ ಎನ್ನುವುದು ಜಿನಮತಿಗೆ ಎಂಥ ಕಷ್ಟದ ಕೆಲಸವೂ ಅಲ್ಲ. ಮೂವತ್ತೆಂಟು ವರ್ಷ ಅವಳು ಮಾಡಿದ್ದೇ ಅದು. ಮನೆಯವರೆಲ್ಲ ಆ ಒಂದು ಮಾತಿಗೆ ಕಾದು ನಿಂತಿದ್ದರು. ಅವಳು ಬಾಯಿ ತೆರೆದಳು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಸೆರಗು ಬಾಯಿಗೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಆ ಮನೆಗೆ ಬಂದ ಮೇಲೆ ಎಲ್ಲರ ಮುಂದೆ ಅವಳು ಅತ್ತದ್ದು ಅದೇ ಮೊದಲು.

"ಇವತ್ತು ಆಗಲ್ಲ ಅತ್ತೆ" ಎಂದಳು. "ಸುಳ್ಳು ಹೇಳ್ಬಾರದು. ಇವತ್ತು ಆಗಲ್ಲ."

ಅರಿಹಂತ್ "ಅಮ್ಮ..." ಎಂದ. ಮರುದೇವಮ್ಮ ಕೈಯೆತ್ತಿ ಮೊಮ್ಮಗನನ್ನು ತಡೆದರು. ಜೋಡಿಸಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. ಮತ್ತೆ ಪಕ್ಕದಲ್ಲಿದ್ದ ತಟ್ಟೆಯನ್ನು ತಡಕಿ, ಸೊಸೆಯ ಕಡೆಗೆ ನೂಕಿದರು.

"ಆಯ್ತು. ಆಗೋ ದಿನ ಹೇಳು, ನಾನು ಇನ್ನೂ ಇದ್ರೆ ಕೇಳಿಸ್ಕೊಳ್ತೀನಿ" ಎಂದರು. "ಈಗ ಒಳಗಿಂದ ಗಂಜಿ ತಂದು ಬಡಿಸು. ಹೊತ್ತು ಮುಳುಗತ್ತೆ."